ಕಣದಲ್ಲಿ ಎಳೆದ ಸುಣ್ಣದ ಗೆರೆ

ಪಕ್ಕದ ಮನೆಯವರು ಸುಣ್ಣದ ಕಲ್ಲಿಗೆ ನೀರು ಹಾಕಿದ್ದಾರೆ. ಆ ಬಿಸಿ ಘಾಟು ಮೂಗಿಗೆ ಬಡಿದರೆ ಸಾಕು, ತಮಿಳುನಾಡಿನ ಧಾರಾಪುರಂ ಹತ್ತಿರದ ನಮ್ಮ ಕಣ ಕಣ್ಣಮುಂದೆ ಬರುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ಅಕ್ಕ ಶಾಲೆಯ ಹರ್ಡಲ್ಸ್ ಓಟಗಾರ್ತಿ. ಅವಳಿಗಾಗಿ ಅಪ್ಪ ನಮ್ಮ ಉದ್ದನೆಯ ಕಣದಲ್ಲಿ ಸುಣ್ಣದ ಗೆರೆ ಎಳೆದು, ಹಾರಲು ಬಿದಿರು ಅಡ್ಡ ಕಟ್ಟಿಕೊಟ್ಟಿದ್ದ. ನಾನು ಚಪ್ಪಾಳೆ ತಟ್ಟಿದರೆ ಅವಳು ಹೊರಡುತ್ತಿದ್ದಳು. ಮದರಾಸಿನ ರಾಜ್ಯ ಮಟ್ಟದ ಓಟಕ್ಕೆ ಇನ್ನು ಎಂಟೇ ದಿನ. ಅಷ್ಟರಲ್ಲಿ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಇಟ್ಟವರು ಹೆಣ್ಣು ನೋಡಲು ಬಂದು, ಅಕ್ಕನನ್ನು ಒಪ್ಪಿದರು. ಮರುದಿನವೇ ನಿಶ್ಚಯ.

“ಕಾಲು ಮುರ್ಕೊಂಡ್ರೆ ಅವ್ರಿಗೆ ಏನು ಹೇಳೋದು? ಓಡಿದ್ದು ಪೋದುಂ, ಸಾಕು,” ಎಂದಳು ಅಜ್ಜಿ.

ಅವರು ಹೋದ ಮಧ್ಯಾಹ್ನವೇ, ನಿಶ್ಚಯಕ್ಕೆ ಮನೆ ಸಜ್ಜಾಗಲೆಂದು, ಗೆರೆಗೆ ತಂದಿಟ್ಟಿದ್ದ ಸುಣ್ಣವನ್ನೇ ಕಲಸಿ ಅಪ್ಪ ಗೋಡೆಗೆ ಬಳಿಯತೊಡಗಿದ. ಬಿದಿರು ಚಪ್ಪರಕ್ಕೆ ಹೋಯಿತು.

“ಅಪ್ಪಾ, ಇದೊಂದು ಓಟ ಓಡಿ ಬಂದ್ಬಿಡ್ತೀನಿ,” ಎಂದಳು ಅಕ್ಕ.

“ಮಾತು ಕೊಟ್ಟಾಯ್ತು, ಅಮ್ಮಣಿ,” ಎಂದ ಅಪ್ಪ, ತಿರುಗಿ ನೋಡದೆ.

ಅಕ್ಕ ಸಗಣಿ ಕಲಸಿ ಕಣ ಸಾರಿಸಲು ಕೂತಳು. ಸಾರಿಸುವಾಗ ಹಿಂದಕ್ಕೆ ಸರಿಯುತ್ತ ಬರಬೇಕು. ಓಟ ಮುಗಿಯುವ ಗೆರೆಯಿಂದ ಶುರು ಮಾಡಿದವಳು ಕೊನೆಗೆ ಹೊರಡುವ ಗೆರೆಗೆ ಬಂದು ಮುಟ್ಟಿದಳು. ಅಲ್ಲಿ ಹತ್ತೂ ಬೆರಳು ನೆಲಕ್ಕೂರಿ, ಸೊಂಟ ಎತ್ತಿ, ಒಂದು ಗಳಿಗೆ ಹಾಗೇ ನಿಂತಳು. ನಾನು ಚಪ್ಪಾಳೆಗೆ ಕೈ ಎತ್ತಿದೆ.

“ಬೇಡ, ನನ್ ಕಣ್ಣು,” ಎಂದವಳೇ ಆ ಗೆರೆಯನ್ನೂ ಸಾರಿಸಿಬಿಟ್ಟಳು.

ಅಪ್ಪ ಆಗಲೇ ಬಳಿದಾಗಿದ್ದ ಗೋಡೆಗೇ ಮತ್ತೆ ಮತ್ತೆ ಸುಣ್ಣ ಬಳಿಯುತ್ತಿದ್ದ.