ಅರ್ಧ ವಾಕ್ಯ

ಸಂಜೆ ಅರ್ಧಕ್ಕೆ ನಿಲ್ಲಿಸಿ ಎದ್ದಿದ್ದ ವಾಕ್ಯ ಬೆಳಿಗ್ಗೆ ಬಂದು ನೋಡಿದರೆ ಪೂರ್ತಿಯಾಗಿತ್ತು. ಡಾಕ್ಟರಮ್ಮ ಬರೆದಿದ್ದು ಇಷ್ಟೇ: ‘ಸೇತುವೆ ಆಗುವುದಕ್ಕೆ ಒಂದು ವರ್ಷ ಮೊದಲು, ಪ್ರವಾಹದ ದಿನ, ಆ ಕೊನೆಯ ದೋಣಿಯಲ್ಲಿ ಇದ್ದವರು’. ಅದರ ಮುಂದೆ ಈಗ ‘ಹದಿನೇಳು ಜನ’ ಎಂದಿತ್ತು. ಅಕ್ಷರ ಅವಳದೇ. ಶಾಯಿ ಮಾತ್ರ ನೀರು ತಾಗಿದಂತೆ ಹರಡಿಕೊಂಡಿತ್ತು.

ಡಾಕ್ಟರಮ್ಮ ಎನ್ನುವುದು ಗಂಡ ಇಟ್ಟ ಹೆಸರು. ಕೂಸು ಹುಟ್ಟುವ ಮೊದಲೇ ಕುಲಾವಿ ಅನ್ನುತ್ತಾರಲ್ಲ, ಹಾಗೆ. ಪಿಎಚ್.ಡಿ.ಗೆ ಸೇರಿ ಐದು ವರ್ಷವಾಗಿತ್ತು. ಪ್ರಬಂಧ ಒಪ್ಪಿಸಲು ಉಳಿದದ್ದು ಮೂರೇ ವಾರ. ತಪ್ಪಿದರೆ ನೋಂದಣಿಯೇ ರದ್ದು. ಹಾಗಾಗಿ ಮಾರ್ಗದರ್ಶಕಿ ಮೇಡಂ ಹೇಳಿದ್ದನ್ನೆಲ್ಲ ಅವಳು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಮೊದಲ ಕರಡು ಕೈಯಲ್ಲೇ ಬರೆ. ದಿನಾ ಒಂದೇ ಹೊತ್ತಿಗೆ ಕೂರು. ಏಳುವಾಗ ಕೊನೆಯ ವಾಕ್ಯ ಮುಗಿಸಬೇಡ, ಅರ್ಧಕ್ಕೆ ಬಿಟ್ಟು ಏಳು. ಮಾರನೆಯ ದಿನ ಅದೇ ನಿನ್ನ ಕೈ ಹಿಡಿದು ಎಳೆಯುತ್ತದೆ. ಈ ಉಪಾಯದಿಂದಲೇ ಮೂರು ಅಧ್ಯಾಯ ಮುಗಿದಿದ್ದವು.

ಗಂಡನನ್ನು ಕೇಳಿದಳು. ಅವನು ಹಲ್ಲುಜ್ಜುತ್ತಲೇ, ನಿನ್ನ ಅಕ್ಷರ ಓದುವುದೇ ನನಗೆ ಕಷ್ಟ, ಇನ್ನು ಬರೆಯುವುದು ದೂರದ ಮಾತು ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ. ಅವಳಿಗೆ ಗೊತ್ತಿದ್ದ ಲೆಕ್ಕ ಹದಿನಾರು. ಆ ದೋಣಿಯ ಅಂಬಿಗ ಅವಳ ತಾಯಿಯ ತಂದೆ. ನೀರು ತುಂಬುತ್ತಿದ್ದ ದೋಣಿಗೆ ಒಬ್ಬನೇ ಹುಟ್ಟು ಹಾಕಿ, ದಡ ಮುಟ್ಟಿಸಿ, ಹದಿನಾರು ಜೀವ ಉಳಿಸಿದ್ದಕ್ಕೆ ಸರ್ಕಾರ ಕೊಟ್ಟ ಪ್ರಶಸ್ತಿಪತ್ರ ತವರಿನ ಗೋಡೆಯ ಮೇಲಿತ್ತು. ಅದರ ಕೆಳಗೇ ಆಡಿ ಬೆಳೆದವಳು ಅವಳು. ನದಿ ದಾಟಿಸುವ ದೋಣಿಗಳ ಮೇಲೆ ಸಂಶೋಧನೆ ಮಾಡುವ ಹುಚ್ಚು ಹತ್ತಿದ್ದೂ ಅದರಿಂದಲೇ. ನಾಲ್ಕನೆಯ ಅಧ್ಯಾಯ ಪೂರ್ತಿ ಅಜ್ಜನದು.

ಹದಿನೇಳನ್ನು ಹೊಡೆದು ಹಾಕಿ ಹದಿನಾರು ಮಾಡಿದಳು. ಸಂಜೆ ಏಳುವಾಗ, ಕೈಗೆ ಬಿದ್ದ ಅಭ್ಯಾಸ, ಇನ್ನೊಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟಳು: ‘ದೋಣಿ ದಡ ಸೇರಿದಾಗ’. ಮರುದಿನ ಅದರ ಮುಂದೆ ‘ಒಬ್ಬಳು ಕಡಿಮೆಯಿದ್ದಳು’ ಎಂದಿತ್ತು. ಕೂರಲು ಹೋದವಳು ಥಟ್ಟನೆ ಎದ್ದಳು. ಕುರ್ಚಿಯ ಮೆತ್ತೆ ಒದ್ದೆಯಾಗಿತ್ತು.

ಹಾಳೆಗಳನ್ನು ಎತ್ತಿಕೊಂಡು ನೇರ ಮೇಡಂ ಕೋಣೆಗೆ ಹೋದಳು. ಹಾಳೆಗಳನ್ನು ಅವರ ಮುಂದಿಟ್ಟಳು. ಮೇಡಂ ಕನ್ನಡಕ ಏರಿಸಿ ಓದಿ, ಹೊಡೆದು ಹಾಕಿದ ಹದಿನೇಳಕ್ಕೂ ಆ ಕಡಿಮೆಯಾದ ಒಬ್ಬಳಿಗೂ ಪೆನ್ಸಿಲಿನಿಂದ ಸುತ್ತು ಹಾಕಿದರು.

“ಯಾರು ಹೇಳಿದ್ದು ಇದು?”

“ಗೊತ್ತಿಲ್ಲ ಮೇಡಂ.”

“ಹಾಗಂದ್ರೆ ಹೇಗಮ್ಮ? ಇಡೀ ಅಧ್ಯಾಯದಲ್ಲಿ ಹೊಸ ಮಾತು ಅಂದ್ರೆ ಇದೇ. ಮಿಕ್ಕಿದ್ದೆಲ್ಲ ನಿಮ್ಮಜ್ಜನ ಭಜನೆ. ಮೂವತ್ತು ಅಡಿಟಿಪ್ಪಣಿ ಹಾಕಿದೀಯ, ಎಲ್ಲಾನೂ ಹೋಗಿ ನಿಲ್ಲೋದು ಅವರು ಅವತ್ತು ಅಧಿಕಾರಿ ಮುಂದೆ ಹೇಳಿದ ಮಾತಿಗೇ. ಇದನ್ನ ಹೇಳಿದೋರು ಯಾರು, ವಯಸ್ಸೆಷ್ಟು, ಎಲ್ಲಿ ಸಿಕ್ಕಿದ್ರು, ಬರಿ. ಇಲ್ಲಾಂದ್ರೆ ತೆಗೆದುಹಾಕು.”

ಹೊರಗೆ ಮೆಟ್ಟಿಲ ಮೇಲೆ ನಿಂತು ತಾಯಿಗೆ ಫೋನ್ ಮಾಡಿದಳು. ಅಂದು ದೋಣಿಯಲ್ಲಿ ಇನ್ನೂ ಒಬ್ಬಳು ಇದ್ದಳೇ ಎಂದು ಕೇಳಿದಳು.

“ಹದಿನಾರೇ ಜನ ಹಿಡಿಸೋ ದೋಣಿ ಅದು,” ಎಂದಳು ತಾಯಿ. “ನೀರು ತುಂಬ್ತಾ ಇತ್ತು. ಎಲ್ಲರೂ ಸಾಯಬೇಕಿತ್ತಾ? ಅಪ್ಪ ಆಮೇಲೆ ಹುಟ್ಟು ಮುಟ್ಟಲೇ ಇಲ್ಲ. ಅದನ್ನೆಲ್ಲ ಕೆದಕಬೇಡ ಮಗಳೇ.”

ಡಾಕ್ಟರಮ್ಮನಿಗೆ ಅಜ್ಜನ ಮೇಲೆ ಸಿಟ್ಟು ಬರಲಿಲ್ಲ. ತನ್ನ ಮೇಲೆಯೇ ನಾಚಿಕೆಯಾಯಿತು. ಹದಿನಾರು ಹದಿನಾರು ಎಂದು ಐದು ವರ್ಷ ಗಿಳಿಪಾಠ ಒಪ್ಪಿಸಿದ್ದಳು. ಆದರೂ ಮನೆಗೆ ಬಂದು ಮೇಜಿಗೆ ಕೂತಾಗ ಬೇರೆ ಯೋಚನೆಯೇ ಬಂತು. ಆ ‘ಒಬ್ಬಳ’ ಮೇಲೂ ಒಂದು ಗೆರೆ ಎಳೆದರೆ ಮುಗಿಯಿತು. ಪದವಿ ಸಿಗುತ್ತದೆ, ಅಜ್ಜ ಗೋಡೆಯ ಮೇಲೆ ಉಳಿಯುತ್ತಾನೆ, ಅಮ್ಮ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ಗೆರೆ ಎಳೆಯಲು ಎತ್ತಿದ ಪೆನ್ನು ಎತ್ತಿದಲ್ಲೇ ನಿಂತಿತು. ಆಮೇಲೆ ಹಾಳೆಯ ಬುಡದಲ್ಲಿ ‘ಈ ಮಾಹಿತಿ ನೀಡಿದವರು’ ಎಂದಷ್ಟೇ ಬರೆದು, ಅರ್ಧಕ್ಕೆ ಬಿಟ್ಟು, ಬಾಗಿಲೆಳೆದುಕೊಂಡು ಹೋದಳು.

ಬೆಳಿಗ್ಗೆ ಅಡಿಟಿಪ್ಪಣಿ ತುಂಬಿತ್ತು, ಮೇಡಂ ಕಲಿಸಿದ ಕ್ರಮದಲ್ಲೇ. ‘ದೋಣಿಗೆ ಎಲ್ಲರಿಗಿಂತ ಕೊನೆಗೆ ಹತ್ತಿದವಳು. ವಯಸ್ಸು: ಹತ್ತೊಂಬತ್ತು. ಸ್ಥಳ: ಇದೇ ಮೇಜು, ಇದೇ ಕುರ್ಚಿ.’ ಅದರ ಕೆಳಗೆ ಇನ್ನೊಂದು ಸಾಲಿತ್ತು. ಅದರ ಶಾಯಿ ಇನ್ನೂ ಆರಿರಲಿಲ್ಲ. ‘ದೋಣಿಯ ಅಂಚು ಹಿಡಿದುಕೊಂಡಿದ್ದ ನನ್ನ ಬೆರಳುಗಳ ಮೇಲೆ ಹುಟ್ಟಿನಿಂದ ಹೊಡೆದವರು’. ವಾಕ್ಯ ಅಲ್ಲಿಗೇ ನಿಂತಿತ್ತು. ಅರ್ಧಕ್ಕೆ ಬಿಟ್ಟು ಏಳುವ ಉಪಾಯ ಅವಳೂ ಕಲಿತಿದ್ದಳು.

ಮುಂದಿನ ಹೆಸರನ್ನು ಡಾಕ್ಟರಮ್ಮನೇ ಬರೆಯಬೇಕಿತ್ತು. ಹೆಸರು ಗೊತ್ತಿತ್ತು. ಪೆನ್ನನ್ನು ಕೈಗೆ ತೆಗೆದುಕೊಂಡಳು, ಆಗುವುದಿಲ್ಲ ಎಂದು ಮತ್ತೆ ಕೆಳಗಿಡಲು ಹೋದಳು. ಇಡಲಾಗಲಿಲ್ಲ. ಗೆಣ್ಣು ಮುರಿದು ಸೊಟ್ಟಗಾದ, ತಣ್ಣನೆಯ ಒದ್ದೆ ಬೆರಳುಗಳು ಅವಳ ಕೈಯನ್ನು ಹಿಡಿದುಕೊಂಡಿದ್ದವು. ಈ ಸಲ ಅವು ಬಿಡುವ ಹಾಗೆ ಕಾಣಲಿಲ್ಲ.