ಓಡಿಸುವವಳು

ತನ್ನ ಪೆಟ್ರೋಲ್ ಕಾರಿನ ಕೀ ಅಪರಿಚಿತನೊಬ್ಬನ ಕೈಯಲ್ಲಿರುವುದನ್ನು ಕಂಡು, ಕೆಲಸಕ್ಕೆ ಹೊರಟಿದ್ದ ನರ್ಸ್ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ಹಳ್ಳಿಹಳ್ಳಿ ಸುತ್ತಿ, ಹಾಸಿಗೆ ಹಿಡಿದವರ ಮನೆಮನೆಗೂ ಹೋಗಿ ಗಾಯ ತೊಳೆದು ಬರುವವಳು ಅವಳು.

“ಹಳೇದನ್ನ ಇವ್ರಿಗೆ ಮಾರಿಬಿಟ್ಟೆ. ನಿಂಗೆ ಎಲೆಕ್ಟ್ರಿಕ್ ಕಾರು ಬುಕ್ ಮಾಡಿದೀನಿ!” ಎಂದು ಗಂಡ ಬೀಗಿದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. “ನಾನು ದಿನಾ ಎಷ್ಟು ದೂರ ಓಡಿಸ್ತೀನಿ, ಹೇಳಿ ನೋಡೋಣ.”

“ಒಂದು... ಮೂವತ್ತು ಕಿಲೋಮೀಟರ್?”

“ನೂರ ಎಂಬತ್ತು! ಹನ್ನೆರಡು ವರ್ಷದಿಂದ! ನಡುವೆ ಎಲ್ಲಿ ಚಾರ್ಜ್ ಮಾಡ್ಲಿ? ಒಂದು ಮಾತು ಕೇಳಿದ್ರಾ?”

ಕೊಳ್ಳಲು ಬಂದವನು ತಲೆ ತಗ್ಗಿಸಿ, ಕೀಯನ್ನು ಅವಳ ಅಂಗೈಗೆ ಹಾಕಿದ.

“ಎಲೆಕ್ಟ್ರಿಕ್ ಬೇಡ ಅಂತಲ್ಲ. ಮೊದಲು ನಾನು ಓಡಿಸಿ ನೋಡ್ತೀನಿ. ಬೇಕೋ ಬೇಡ್ವೋ, ನಾನೇ ಹೇಳ್ತೀನಿ.” ಅವಳು ಕಾರು ಹತ್ತಿ ಸ್ಟಾರ್ಟ್ ಮಾಡಿದಳು. ಗಂಡ ಇನ್ನೂ ದಾರಿಗಡ್ಡವಾಗಿಯೇ ನಿಂತಿದ್ದ.

“ಗೇಟು ತೆಗೀರಿ,” ಎಂದಳು.

ಅವನು ಓಡಿಹೋಗಿ ತೆಗೆದ.