ಒಂದು ಬೆಡ್ ಖಾಲಿ ಮಾಡಪ್ಪಾ…

ಹುಟ್ಟಿದ ಕೂಸು ಜೋರಾಗಿಯೇ ಅತ್ತಿತು. ಆದರೆ ಅಳುತ್ತಳುತ್ತಲೇ ತುಟಿ, ಉಗುರು ಎಲ್ಲ ನೀಲಿಗಟ್ಟಿದವು…

ಹಸಿ ಬಾಣಂತಿ ದಾಕ್ಷಾಯಣಿ ಹೊಲಿಗೆಯ ನೋವಿನಲ್ಲೇ ಆಂಬುಲೆನ್ಸ್ ಹತ್ತಿದಳು. ರೋಣದಿಂದ ದೊಡ್ಡ ಊರಿನ ಹೃದಯದ ಆಸ್ಪತ್ರೆಗೆ.

ಡಾಕ್ಟರ್ ಏನನ್ನೂ ಮುಚ್ಚಿಡಲಿಲ್ಲ.

"ಹೃದಯದಿಂದ ಹೊರಡೋ ಎರಡು ದೊಡ್ಡ ರಕ್ತನಾಳ ಅದಲುಬದಲಾಗಿವೆ. ಆಪರೇಷನ್ ಮಾಡಿದ್ರೆ ಮಗು ಉಳಿಯಬಹುದು. ಆದರೆ ಆಮೇಲೆ ಇಡೋಕೆ ಐಸಿಯುನಲ್ಲಿ ಬೆಡ್ ಬೇಕು. ಈಗ ಒಂದೂ ಖಾಲಿ ಇಲ್ಲ. ಬೇರೆ ಕಡೆಗೂ ಕೇಳಿದ್ವಿ, ಅಲ್ಲೂ ಇಲ್ಲ."

"ಎಷ್ಟು ದಿನ ಕಾಯಬೇಕ್ರಿ ಸರ್?" ಎಂದು ಕೇಳಿದ ಗಂಡ ವೀರಭದ್ರ.

"ನಾವು ಕಾಯಬಹುದು… ಮಗು ಎಷ್ಟು ದಿನ ಕಾಯುತ್ತೆ ಅಂತ ಹೇಳೋಕಾಗಲ್ಲ."

ಊರಿನಿಂದ ಅತ್ತೆಯ ಫೋನು ಬಂತು. ದಾಕ್ಷಾಯಣಿಯೇ ಎತ್ತಿದಳು.

"ಗ್ರಹಣದ ದಿನ ಹೊರಗ ಹೋಗಬ್ಯಾಡ ಅಂದ್ರ ಕೇಳಲಿಲ್ಲ ನೀ… ಹೆಣ್ಣುಕೂಸು. ದೇವರು ಕರಕೊಂಡ್ರ ಕರಕೊಳ್ಳಲಿ ಬಿಡು. ಇನ್ನೊಂದು ಹಡೀತಿ."

ದಾಕ್ಷಾಯಣಿ ಫೋನ್ ಕಟ್ ಮಾಡಿದಳು.

ಐಸಿಯು ಮುಂದಿನ ಬೆಂಚಿನಲ್ಲಿ ರತ್ನವ್ವ ಎಂಬ ಹೆಂಗಸು ಕೂತಿರುತ್ತಿದ್ದಳು. ಅವಳ ಗಂಡುಕೂಸಿಗೆ ಆಪರೇಷನ್ ಆಗಿತ್ತು. ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಅವಳೇ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟಳು. "ಬಾಣಂತಿ ಇದ್ದೀ, ಹೊಟ್ಟಿಗೆ ತಿನ್ನವ್ವಾ. ಹಾಲು ಬತ್ತಿದ್ರ, ಕೂಸು ಕೈಗೆ ಬಂದಾಗ ಏನ್ ಕೊಡ್ತಿ?"

ಕೂಸು ಕೈಗೆ ಬಂದಾಗ…!

ಅಷ್ಟು ದಿನದಲ್ಲಿ ಹಾಗೆ ಹೇಳಿದವಳು ಅವಳೊಬ್ಬಳೇ.

ಕೂಸಿನ ನೀಲಿ ಮತ್ತೂ ಗಾಢವಾಯಿತು. "ಇನ್ನು ತಡ ಆದ್ರೆ ಕಷ್ಟ" ಎಂದುಬಿಟ್ಟರು ಡಾಕ್ಟರ್.

ಆಸ್ಪತ್ರೆಯ ಗೇಟಿನ ಬಳಿ ಒಂದು ಪುಟ್ಟ ಗಣಪತಿ ಗುಡಿ. ವೀರಭದ್ರ ಅಲ್ಲಿ ಉದ್ದಂಡ ಬಿದ್ದ. "ಒಂದ… ಒಂದ ಬೆಡ್ ಖಾಲಿ ಮಾಡಪ್ಪಾ!"

ಹಿಂದೆಯೇ ಬಂದಿದ್ದ ದಾಕ್ಷಾಯಣಿ ಅದನ್ನು ಕೇಳಿಸಿಕೊಂಡಳು.

ಒಳಗಿದ್ದ ಮಕ್ಕಳೆಲ್ಲ ಸೀರಿಯಸ್. ಯಾರನ್ನೂ ವಾರ್ಡಿಗೆ ಕಳಿಸುವ ಹಾಗಿರಲಿಲ್ಲ. ಅಂದರೆ ಬೆಡ್ ಖಾಲಿಯಾಗುವುದು ಹೇಗೆ ಎಂದು ಅವಳಿಗೆ ಗೊತ್ತಿತ್ತು.

ಬೆಳಿಗ್ಗೆಯಿಂದ ನರ್ಸ್‌ಗಳು ಯಾರ ಕೂಸಿನ ಕಡೆ ಓಡುತ್ತಿದ್ದಾರೆ ಎಂಬುದೂ ಗೊತ್ತಿತ್ತು…

ಆದರೂ ಅವಳು ಕೈಮುಗಿದಳು. "ಹೌದಪ್ಪಾ… ಖಾಲಿ ಮಾಡು."

ಮರುದಿನ ಮಧ್ಯಾಹ್ನ ನರ್ಸ್ ಹೊರಗೆ ಬಂದಳು. "ದಾಕ್ಷಾಯಣಿ ಕಡೆಯವರು ಯಾರು? ಬೆಡ್ ಸಿಕ್ತು. ಆಪರೇಷನ್‌ಗೆ ತಾಜಾ ರಕ್ತ ಬೇಕು, ಓ ಪಾಸಿಟಿವ್. ಸಂಜೆಯೊಳಗೆ ಕೊಡೋರನ್ನ ಕರೆಸಿ."

"ದೇವರು ಕಣ್ಣು ಬಿಟ್ಟ!" ದಾಕ್ಷಾಯಣಿ ಅಳುತ್ತಾ ನಕ್ಕಳು. ನಗುತ್ತಲೇ ಹಿಂದಕ್ಕೆ ತಿರುಗಿದಳು.

ರತ್ನವ್ವ ನಿಂತಿದ್ದಳು. ಕೈಯಲ್ಲಿ ಬಿಳಿ ಬಟ್ಟೆಯ ಪುಟ್ಟ ಗಂಟು…

ಆ ನಗುವನ್ನು ನುಂಗಲು ದಾಕ್ಷಾಯಣಿಗೆ ಸಮಯವೇ ಸಿಗಲಿಲ್ಲ. ರತ್ನವ್ವ ನೋಡಿದಳು. ಮೆಟ್ಟಿಲಿಳಿದು ಹೋದಳು.

ಗೇಟಿನ ಬಳಿ ನಿಂತು ವೀರಭದ್ರ ತಮ್ಮಂದಿರಿಗೆ ಫೋನ್ ಹಚ್ಚಿದ. ಒಬ್ಬನ ಫೋನ್ ಸ್ವಿಚ್ ಆಫ್. ಇನ್ನೊಬ್ಬ, "ಅವ್ವ ಬ್ಯಾಡ ಅಂದಾಳ ಅಣ್ಣಾ" ಎಂದು ಇಟ್ಟುಬಿಟ್ಟ.

ಅದೇ ಹೊತ್ತಿಗೆ ಒಂದು ಟೆಂಪೋ ಬಂದು ನಿಂತಿತು. ರತ್ನವ್ವನ ಊರಿನ ಹುಡುಗರು. ಅವಳ ಕೂಸಿಗೆ ರಕ್ತ ಕೊಡಲೆಂದು ಬಂದವರು… ಬಂದ ಮೇಲೆ ಗೊತ್ತಾಯಿತು, ರಕ್ತ ಇನ್ನು ಬೇಕಿಲ್ಲ ಎಂದು.

ರತ್ನವ್ವ ವೀರಭದ್ರನ ಕಡೆ ಕೈ ತೋರಿಸಿದಳು. "ಅವರಿಗೂ ಓ ಪಾಸಿಟಿವ್ ಬೇಕಾಗೈತಿ. ನಿಮ್ಮದೂ ಅದ ಐತಲ್ಲ, ಹೋಗಿ ಕೊಟ್ಟು ಬರ್ರಿ."

"ವೈನಿ, ಕೂಸಿನ್ನ ಮೊದಲ ಊರಿಗೆ ಒಯ್ಯೂಣು…" ಎಂದ ಮೈದುನನ ವರಸೆಯ ಒಬ್ಬ ಹುಡುಗ.

"ಕೂಸಿಗೆ ಇನ್ನೇನ್ ಅವಸರ ಐತಿ? ನಾ ಕಾಯ್ತೀನಿ, ಹೋಗ್ರಿ."

ಹುಡುಗರು ರಕ್ತ ಕೊಟ್ಟು ಬರುವವರೆಗೂ ಅವಳು ಟೆಂಪೋದಲ್ಲಿ ಸತ್ತ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ದಾಕ್ಷಾಯಣಿಗೆ ತಡೆಯಲಾಗಲಿಲ್ಲ. ಓಡಿಹೋಗಿ ಅವಳ ಕಾಲು ಹಿಡಿದಳು.

"ಅಕ್ಕಾ… ಬೆಡ್ ಖಾಲಿ ಆಗಲಿ ಅಂತ ಬೇಡಿಕೊಂಡಿದ್ದೆ. ನಿನ್ನ ಕೂಸಿನ ಹಾಲತ್ ಗೊತ್ತಿದ್ದೂ ಬೇಡಿದೆ…"

ರತ್ನವ್ವ ತೊಡೆಯ ಮೇಲಿನ ಕೂಸಿನ ಬಟ್ಟೆ ಸರಿಮಾಡಿದಳು.

"ನಾವು ಬಂದಾಗ ಆ ಬೆಡ್ಡಿನ ಮ್ಯಾಲ ಯಾರದೋ ಹೆಣ್ಣುಕೂಸಿತ್ತು. ನಾನೂ ಇದನ್ನ ಬೇಡಿದ್ದೆ…"

ದಾಕ್ಷಾಯಣಿ ತಲೆಯೆತ್ತಿದಳು.

"ಅದರ ತಾಯಿ ಹೊರಗ ಬಂದಾಗ ನಾ ಮುಖ ತಿರುವಿ ಕುಂತೆ. ನೀ ಹಂಗ ಮಾಡಲಿಲ್ಲ, ಬಂದಿ. ಅಷ್ಟ ಸಾಕು. ಏಳು… ಕೂಸಿನ್ನ ಬದುಕಿಸ್ಕೋ."

ಟೆಂಪೋ ಹೊರಟುಹೋಯಿತು.

ಆಪರೇಷನ್ ಬಹಳ ಹೊತ್ತು ನಡೆಯಿತು. ಎದೆಯ ಮೇಲೆ ಉದ್ದನೆಯ ಹೊಲಿಗೆ, ಮೈತುಂಬಾ ಪೈಪು. ಎರಡು ಸಲ ಡಾಕ್ಟರ್, "ಭರವಸೆ ಕೊಡಲಾರೆ" ಎಂದರು. ಆದರೂ ಕೂಸು ಗಟ್ಟಿಗಿತ್ತಿ. ಒಂದು ದಿನ ಅದರ ತುಟಿಗೆ ನಸುಗೆಂಪು ಬಂತು!

ವಾರ್ಡಿಗೆ ಕಳಿಸುವ ದಿನ ನರ್ಸ್ ಅವಸರ ಮಾಡಿದಳು. "ಬೇಗ ಬೇಗ… ಇನ್ನೊಂದು ಮಗು ಕಾಯ್ತಾ ಇದೆ."

ಬಾಗಿಲ ಹೊರಗೆ ಒಬ್ಬ ಹೊಸ ತಾಯಿ ಕೈಮುಗಿದು ನಿಂತಿದ್ದಳು. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಹೊರಗೆ ತರುವುದನ್ನು ಕಂಡು ಹೆದರಿ ಕಣ್ಣು ಮುಚ್ಚಿಕೊಂಡಳು. ಅವಳು ಏನು ಬೇಡುತ್ತಿದ್ದಳೆಂದು ದಾಕ್ಷಾಯಣಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವಳ ಹತ್ತಿರ ಹೋಗಿ ಕೂಸಿನ ಮುಖದ ಮೇಲಿನ ಬಟ್ಟೆ ಸರಿಸಿದಳು.

"ಕಣ್ಣು ಬಿಡ್ರಿ ಅಕ್ಕಾ… ನೋಡ್ರಿ, ಬದುಕೈತಿ. ಬೆಡ್ ಖಾಲಿ ಆತು."

ಆ ತಾಯಿ ಕೂಸಿನ ಪಾದ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು…

ನಮ್ಮ ಪ್ರಾರ್ಥನೆ ಫಲಿಸಿದ ದಿನವೇ ಯಾರದೋ ಪ್ರಾರ್ಥನೆ ಸತ್ತಿರಬಹುದು. ಅವರ ಮುಖ ನೋಡುವಷ್ಟಾದರೂ ಮನುಷ್ಯರಾಗಿರೋಣ.

ನೀವು ಕೊನೆಯ ಸಲ ದೇವರ ಮುಂದೆ ಕೈಮುಗಿದಾಗ… ಪಕ್ಕದಲ್ಲಿ ಕೂತವರಿಗಾಗಿ ಏನನ್ನು ಬೇಡಿದಿರಿ?